ಮಂಗಳೂರಿಂದ ಕಾರವಾರಕ್ಕೆ ಕಾರಲ್ಲಿ: ಬೀಚ್ ಪಟ್ಟಿ ಬಿಟ್ಟು ಏನೇನು ನೋಡಬೇಕು?

ಕಲ್ಪತರು_ನಾಡು
ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಮಂಗಳೂರಿಂದ ಕಾರವಾರದವರೆಗೆ ಕರಾವಳಿ ಉದ್ದಕ್ಕೂ ಕಾರಲ್ಲಿ ಹೋಗೋಣ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ನಾನು, ನನ್ನ ಯಜಮಾನರು, ಇಬ್ಬರು ಮಕ್ಕಳು, ಜೊತೆಗೆ ನಮ್ಮ ಅತ್ತೆ. ಅತ್ತೆಗೆ ಮಂಡಿ ನೋವು, ಜಾಸ್ತಿ ಮೆಟ್ಟಿಲು ಆಗಲ್ಲ. ಮಕ್ಕಳಿಗೆ ನೀರು ಕಂಡರೆ ಸಾಕು.

ಎಲ್ಲಿ ಹುಡುಕಿದರೂ ಒಂದೇ ಪಟ್ಟಿ ಸಿಗುತ್ತಿದೆ. ಪಣಂಬೂರು, ಮಲ್ಪೆ, ಮುರ್ಡೇಶ್ವರ, ಓಂ ಬೀಚ್, ಮುಗಿಯಿತು. ಬೀಚ್ ಆದ ಮೇಲೆ ಬೀಚ್ ನೋಡಿದರೆ ಮೂರನೇ ದಿನಕ್ಕೆ ಎಲ್ಲಾ ಒಂದೇ ಥರ ಕಾಣಲ್ವಾ? ನಡುವೆ ಏನಿದೆ? ಎಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಬೇಕು? ಆ ಕಡೆಯವರು, ಹೋಗಿ ಬಂದವರು ಹೇಳಿ. ಐದು ದಿನ ಇದೆ ನಮ್ಮ ಹತ್ತಿರ.

ಸ್ಟಿಯರಿಂಗ್_ಸೀನ
ಐದು ದಿನ ಜಾಸ್ತಿಯಾಯಿತು. ಮಂಗಳೂರು ಕಾರವಾರ ಸುಮಾರು 270 ಕಿ.ಮೀ. ಎರಡು ದಿನ ಸಾಕು, ಮೂರನೇ ದಿನ ಗೋವಾದಲ್ಲಿರಬಹುದು.

ಅಳಿವೆಬಾಗಿಲು
ಸೀನಣ್ಣ, ಅವರು ಕೇಳಿದ್ದು ಕರಾವಳಿ ನೋಡೋದು ಹೇಗೆ ಅಂತ. ದಾಟೋದು ಹೇಗೆ ಅಂತ ಅಲ್ಲ ಮಾರಾಯ್ರೆ.

ಮೇಡಂ, ಮೊದಲು ಒಂದು ಮಾತು ತಿಳಿದುಕೊಳ್ಳಿ. 66ರ ಹೆದ್ದಾರಿಯಲ್ಲಿ ಹೋದರೆ ನಿಮಗೆ ಸಮುದ್ರ ಕಾಣೋದೇ ಕಡಿಮೆ. ಮರವಂತೆ ಹತ್ತಿರ ಕಾಣುತ್ತದೆ, ಕಾರವಾರ ಬಂದಾಗ ಕಾಣುತ್ತದೆ, ಮಧ್ಯದಲ್ಲಿ ಬಹುಪಾಲು ತೆಂಗಿನ ತೋಟ, ಪೇಟೆ, ಫ್ಲೈಓವರ್. ಕಡಲು ಇರೋದು ಒಂದೆರಡು ಕಿ.ಮೀ. ಪಶ್ಚಿಮಕ್ಕೆ. ಹಾಗಾಗಿ ನೀವು ತಿರುಗಲೇಬೇಕು.

ತಿರುಗೋದು ಎಲ್ಲಿ ಅಂದರೆ, ನನ್ನ ಉತ್ತರ ಒಂದೇ. ನದಿ ಸಮುದ್ರ ಸೇರುವ ಜಾಗಗಳಿಗೆ ಹೋಗಿ. ನಾವು ಅಳಿವೆ ಅನ್ನುತ್ತೇವೆ. ಘಟ್ಟದಿಂದ ಇಳಿದ ಒಂದೊಂದು ನದಿಯೂ ಇಲ್ಲಿ ಒಂದೊಂದು ಥರ ಸಮುದ್ರಕ್ಕೆ ಸೇರುತ್ತದೆ. ಒಂದು ನೇರವಾಗಿ ನುಗ್ಗುತ್ತದೆ, ಇನ್ನೊಂದು ಮರಳದಿಣ್ಣೆಗೆ ತಡೆದು ಮೈಲಿಗಟ್ಟಲೆ ಪಕ್ಕಕ್ಕೆ ಹರಿದು ಆಮೇಲೆ ಸೇರುತ್ತದೆ. ಅಲ್ಲಿ ದೋಣಿ ಇರುತ್ತದೆ, ಬಲೆ ಇರುತ್ತದೆ, ಹಕ್ಕಿ ಇರುತ್ತವೆ, ಜನ ಕೆಲಸ ಮಾಡುತ್ತಿರುತ್ತಾರೆ. ಬೀಚ್‌ನಲ್ಲಿ ಬರೀ ಪ್ರವಾಸಿಗರು.

ದಕ್ಷಿಣದಿಂದ ಲೆಕ್ಕ ಹಾಕಿ. ಮಂಗಳೂರಲ್ಲಿ ನೇತ್ರಾವತಿ, ಫಲ್ಗುಣಿ ಸೇರುವ ಬೆಂಗ್ರೆ. ಮೂಲ್ಕಿ ಹತ್ತಿರ ಸಸಿಹಿತ್ಲು, ಅಲ್ಲಿ ಶಾಂಭವಿ ಮತ್ತು ನಂದಿನಿ. ಉಡುಪಿ ಮೇಲೆ ಕೋಡಿ ಬೆಂಗ್ರೆ, ಅಲ್ಲಿ ಸ್ವರ್ಣಾ ಮತ್ತು ಸೀತಾ. ಗಂಗೊಳ್ಳಿಯಲ್ಲಿ ಪಂಚಗಂಗಾವಳಿ. ಹೊನ್ನಾವರದಲ್ಲಿ ಶರಾವತಿ. ತದಡಿಯಲ್ಲಿ ಅಘನಾಶಿನಿ. ಮಂಜಗುಣಿಯಲ್ಲಿ ಗಂಗಾವಳಿ. ಕೊನೆಗೆ ಕಾರವಾರದಲ್ಲಿ ಕಾಳಿ. ಇದೇ ನಿಮ್ಮ ಪ್ರಯಾಣದ ನಕ್ಷೆ ಅಂದುಕೊಳ್ಳಿ.

ಬಂಗುಡೆ_ಪ್ರಿಯ
ಅಳಿವೆ ಹತ್ತಿರ ಸಿಗೋ ಮೀನಿನ ರುಚಿಯೇ ಬೇರೆ. ಅದನ್ನೂ ಸೇರಿಸಿ.

ಎರಡು_ಮಕ್ಕಳ_ತಾಯಿ
ಅಳಿವೆ ನೋಡೋಕೆ ಚೆಂದ, ಒಪ್ಪುತ್ತೇನೆ. ಆದರೆ ಮಕ್ಕಳನ್ನು ನೀರಿಗೆ ಬಿಡೋ ಜಾಗ ಅದಲ್ಲ! ನದಿ ಸಮುದ್ರ ಸೇರುವ ಕಡೆ ಸೆಳೆತ ಜಾಸ್ತಿ, ಮರಳು ಒಂದು ಕಡೆ ಮೊಣಕಾಲಿನಷ್ಟು, ಎರಡು ಹೆಜ್ಜೆ ಆಚೆ ಆಳ. ಇಳಿತದ ಹೊತ್ತಿನಲ್ಲಿ ನೀರು ಹೊರಕ್ಕೆ ಎಳೆಯುತ್ತದೆ. ದಯವಿಟ್ಟು ಇದನ್ನೂ ಬರೆಯಿರಿ ಸರ್, ಸುಮ್ನೆ ಹೋಗಿ ಅಂದರೆ ಆಗಲ್ಲ.

ಮಕ್ಕಳಿಗೆ ನೀರಾಟ ಬೇಕು ಅಂದರೆ ಪಡುಬಿದ್ರಿ ಅಥವಾ ಹೊನ್ನಾವರದ ಕಾಸರಕೋಡು ನೋಡಿ. ಎರಡಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದೆ, ಸ್ವಚ್ಛ, ಸುರಕ್ಷಿತ ಬೀಚ್‌ಗಳಿಗೆ ಕೊಡೋ ಅಂತಾರಾಷ್ಟ್ರೀಯ ಮಾನ್ಯತೆ ಅದು. ಶೌಚಾಲಯ, ಬಟ್ಟೆ ಬದಲಿಸೋ ಜಾಗ, ಕಾವಲಿಗೆ ಲೈಫ್‌ಗಾರ್ಡ್, ಈಜಲು ಗುರುತು ಮಾಡಿದ ಜಾಗ ಇರುವ ಕಡೆ ಅವು.

ಅಳಿವೆಬಾಗಿಲು
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಅಳಿವೆಯಲ್ಲಿ ನೀರಿಗೆ ಇಳಿಯಬೇಡಿ. ದಡದಲ್ಲಿ ನಿಂತು ನೋಡಿ, ಊರವರ ದೋಣಿ ಸಿಕ್ಕರೆ ಒಂದು ಸುತ್ತು ಹೋಗಿ, ಅಷ್ಟೇ.

ಕುಡ್ಲದವ
ಎಲ್ಲರೂ ಮಂಗಳೂರು ಬಿಟ್ಟು ಮುಂದೆ ಓಡುತ್ತಿದ್ದೀರಿ. ಮೊದಲ ದಿನ ಇಲ್ಲೇ ಉಳಿಯಿರಿ. ಸೇಂಟ್ ಅಲೋಶಿಯಸ್ ಚಾಪೆಲ್ ಒಳಗೆ ಗೋಡೆ, ಚಾವಣಿ ತುಂಬಾ ಚಿತ್ರ. ಇಟಲಿಯಿಂದ ಬಂದ ಆಂತೋನಿಯೊ ಮೊಸ್ಕೆನಿ ಎಂಬ ಜೆಸುಯಿಟ್ ಸಹೋದರ 1900ರ ಆಸುಪಾಸಿನಲ್ಲಿ ಬರೆದದ್ದು. ಕದ್ರಿ ದೇವಸ್ಥಾನದಲ್ಲಿ ಲೋಕೇಶ್ವರನ ಕಂಚಿನ ಮೂರ್ತಿ ಇದೆ, ಪೀಠದ ಶಾಸನದಲ್ಲಿ ಕ್ರಿ.ಶ. 968 ಅಂತ ಕಾಲ ಸಿಗುತ್ತದೆ, ಈ ಕರಾವಳಿಯನ್ನು ಆಳಿದ ಆಳುಪ ವಂಶದ ಕುಂದವರ್ಮನ ಕಾಲದ್ದು. ಎರಡೂ ಕಡೆ ನಿಮ್ಮ ಅತ್ತೆಗೆ ಅಷ್ಟೇನೂ ತೊಂದರೆ ಆಗಲ್ಲ.

ಸಂಜೆ ಸುಲ್ತಾನ್ ಬತ್ತೇರಿಗೆ ಹೋಗಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಬುರುಜು ಅದು. ಅಲ್ಲೇ ದೋಣಿ ಹತ್ತಿ ಫಲ್ಗುಣಿ ದಾಟಿದರೆ ತಣ್ಣೀರುಬಾವಿ ಕಡೆಯ ದಂಡೆ. ಮಕ್ಕಳಿಗೆ ಆ ದೋಣಿಯೇ ಹಬ್ಬ.

ಬೆಂಗ್ಳೂರ್_ಬುಲೆಟ್
ಕಾಪು ದೀಪಸ್ತಂಭ ಯಾರೂ ಹೇಳಲೇ ಇಲ್ಲವಲ್ಲ?

ಕುಡ್ಲದವ
ಹೇಳೋಕೆ ಬಿಟ್ಟರೆ ತಾನೇ! 1901ರದ್ದು, ಬಂಡೆ ಮೇಲೆ ನಿಂತಿದೆ. ಸಂಜೆ ಹೊತ್ತು ಮೇಲೆ ಬಿಡುತ್ತಾರೆ. ಬಂಡೆಗೂ ಮೆಟ್ಟಿಲು, ಒಳಗೂ ಸುತ್ತು ಮೆಟ್ಟಿಲು, ಅತ್ತೆಯವರನ್ನು ಕೆಳಗೆ ಕೂರಿಸಿ. ಕೆಳಗಿಂದಲೂ ಚೆನ್ನಾಗೇ ಕಾಣುತ್ತದೆ.

ನಿವೃತ್ತ_ಮೇಷ್ಟ್ರು
ಕಾಪುವಿನಿಂದ ಹೆದ್ದಾರಿಗೆ ವಾಪಸ್ ಹೋಗಬೇಡಿ ಅಂತ ನನ್ನ ಸಲಹೆ. ಮಟ್ಟು, ಪಡುಕೆರೆ ಕಡೆಯಿಂದ ಮಲ್ಪೆಗೆ ದಂಡೆಯಲ್ಲೇ ದಾರಿ ಇದೆ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಉದ್ಯಾವರ ಹೊಳೆ, ನಡುವೆ ಮನೆಗಳು. ರಸ್ತೆ ಕಿರಿದು, ಎದುರಿಗೆ ಬಸ್ಸು ಬಂದರೆ ನಿಲ್ಲಬೇಕು, ನಿಲ್ಲಿ. ಮಟ್ಟು ಗುಳ್ಳ ಬೆಳೆಯೋದು ಈ ಊರಲ್ಲೇ. ಹಸಿರು ಬಣ್ಣದ ದುಂಡು ಬದನೆ, ವಾದಿರಾಜರು ಬೀಜ ಕೊಟ್ಟರು ಅಂತ ಪ್ರತೀತಿ. ಸೀಸನ್ನಿನಲ್ಲಿ ಸಿಕ್ಕರೆ ಕೊಂಡುಕೊಳ್ಳಿ, ಸಾಂಬಾರಿಗೆ ಅದರ ಮುಂದೆ ಬೇರೆ ಬದನೆ ಇಲ್ಲ.

ಮಲ್ಪೆ ದಾಟಿ ಹೂಡೆ ಮೇಲೆ ಕೋಡಿ ಬೆಂಗ್ರೆಗೂ ಹೀಗೇ ದಾರಿ. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ಕೊನೆಗೆ ದಾರಿಯೇ ಮುಗಿದು ಅಳಿವೆ. ಮರವಂತೆಯ ಹಾಗೇ, ಆದರೆ ಲಾರಿಗಳ ಸದ್ದಿಲ್ಲ.

ಸ್ಟಿಯರಿಂಗ್_ಸೀನ
ಮರವಂತೆಗೆ ಹೋಲಿಸಬೇಡಿ ಮೇಷ್ಟ್ರೇ. ಮರವಂತೆ ಮರವಂತೆಯೇ.

ಅಳಿವೆಬಾಗಿಲು
ಮರವಂತೆ ನಮ್ಮೂರ ಬದಿ, ನನಗೂ ಪ್ರೀತಿ. ಆದರೆ ನಾಲ್ಕು ಪಥ ಆದ ಮೇಲೆ ಅಲ್ಲಿ ಕಾರು ನಿಲ್ಲಿಸಿ ರಸ್ತೆ ದಾಟೋದು ಭಯ. ವಾಹನಗಳು ಬರೋ ವೇಗ ನೋಡಿದರೆ ಹಿರಿಯರನ್ನು, ಮಕ್ಕಳನ್ನು ಕರೆದುಕೊಂಡು ಆಚೆ ಈಚೆ ಓಡಾಡೋ ಜಾಗ ಅಲ್ಲ. ಅಲ್ಲಿ ನಿಂತಾಗ ಸುಮಾರು ಜನ ಬರೀ ಸಮುದ್ರದ ಫೋಟೊ ತೆಗೆದು ಹೊರಡುತ್ತಾರೆ. ಬೆನ್ನ ಹಿಂದೆ ಸೌಪರ್ಣಿಕಾ ಇದೆ, ನೋಡಿ. ಕಡಲಿಗೆ ಇಷ್ಟು ಹತ್ತಿರ ಬಂದ ಹೊಳೆ ಇಲ್ಲಿ ಸೇರಲ್ಲ. ತಿರುಗಿಕೊಂಡು ಹೋಗಿ ಗಂಗೊಳ್ಳಿ ಹತ್ತಿರ ಉಳಿದ ಹೊಳೆಗಳ ಜೊತೆ ಸೇರುತ್ತದೆ. ಅದು ಗೊತ್ತಿದ್ದು ನಿಂತರೆ ಬೇರೆಯೇ ಅನಿಸುತ್ತದೆ. ಗಂಗೊಳ್ಳಿಗೂ ಹೋಗಿ, ಬಂದರು ನೋಡಿ, ಬೆಳಿಗ್ಗೆ ಹೋದರೆ ಬೋಟುಗಳಿಂದ ಮೀನು ಇಳಿಸುತ್ತಿರುತ್ತಾರೆ.

ಹಿನ್ನೀರು
ಚಾಲಕರಿಗೆ ಒಂದು ಉಪಯೋಗದ ವಿಷಯ. ದಕ್ಷಿಣದಿಂದ ಉತ್ತರಕ್ಕೆ ಹೋಗೋದೇ ಸರಿ. ಕಡಲು ನಿಮ್ಮ ಎಡಗಡೆ ಇರುತ್ತದೆ. ನಾಲ್ಕು ಪಥದ ರಸ್ತೆಯಲ್ಲಿ ಎಡಕ್ಕೆ ತಿರುಗೋದು ಸಲೀಸು. ಕಾರವಾರದಿಂದ ಇಳಿದು ಬಂದರೆ ಪ್ರತಿ ಸಲ ಯು ತಿರುವು ಹುಡುಕಬೇಕು, ಅದು ಎರಡು ಮೂರು ಕಿ.ಮೀ. ಆಚೆ ಇರುತ್ತದೆ. ಅವಸರದಲ್ಲಿ ರಾಂಗ್ ಸೈಡ್ ನುಗ್ಗೋರು ಜಾಸ್ತಿ, ರಾತ್ರಿ ಓಡಿಸಬೇಡಿ.

ಕಲ್ಪತರು_ನಾಡು
ಅಯ್ಯೋ ಎಷ್ಟೊಂದು ಮಾಹಿತಿ! ಎಲ್ಲರಿಗೂ ಧನ್ಯವಾದ. ಎಡಗಡೆ ವಿಷಯ ನಮ್ಮ ಯಜಮಾನರಿಗೆ ಓದಿ ಹೇಳಿದೆ, ತುಂಬಾ ಖುಷಿಪಟ್ಟರು. ಎರಡು ಪ್ರಶ್ನೆ. ಸೇಂಟ್ ಮೇರೀಸ್ ದ್ವೀಪಕ್ಕೆ ಅತ್ತೆಯನ್ನು ಕರೆದುಕೊಂಡು ಹೋಗಬಹುದಾ? ಅಲ್ಲಿ ಬಸಾಲ್ಟ್ ಕಲ್ಲಿನ ಕಂಬಗಳಿವೆ ಅಂತ ಮಗ ಶಾಲೆಯಲ್ಲಿ ಓದಿದ್ದಾನೆ, ಹೋಗಲೇಬೇಕು ಅಂತ ಹಠ. ಇನ್ನೊಂದು, ಮುರ್ಡೇಶ್ವರ ಬಿಡಬೇಕಾ ಬೇಡವಾ?

ಕಲ್ಲುಬಂಡೆ
ಮಗನಿಗೆ ಒಂದು ತಿದ್ದುಪಡಿ ಹೇಳಿ. ಕಂಬದಂಥ ಬಸಾಲ್ಟ್ ಅಂತ ಎಲ್ಲಾ ಕಡೆ ಬರೆಯುತ್ತಾರೆ, ಆದರೆ ಆ ಕಲ್ಲು ನಿಜವಾಗಿ ರಯೊಲೈಟ್, ಡೇಸೈಟ್ ಜಾತಿಯದು. ಬಸಾಲ್ಟ್‌ಗಿಂತ ಸಿಲಿಕಾ ಜಾಸ್ತಿ ಇರುವ ಲಾವಾ. ಲಾವಾ ತಣ್ಣಗಾಗುವಾಗ ಕುಗ್ಗುತ್ತದೆ, ಕುಗ್ಗುವಾಗ ಬಿರುಕು ಬಿಡುತ್ತದೆ. ಬಿರುಕುಗಳು ಒಂದಕ್ಕೊಂದು ಕೂಡಿಕೊಂಡು ಮೇಲಿಂದ ಕೆಳಕ್ಕೆ ಇಳಿಯುತ್ತವೆ, ಹಾಗೆ ಐದು ಆರು ಮುಖದ ಕಂಬಗಳಾಗುತ್ತವೆ. ಯಾರೂ ಕೆತ್ತಿದ್ದಲ್ಲ.

ಇದಕ್ಕಿಂತ ದೊಡ್ಡ ವಿಷಯ ಏನೆಂದರೆ, ಈ ಕಲ್ಲಿನ ವಯಸ್ಸು ಸುಮಾರು 8.8 ಕೋಟಿ ವರ್ಷ. ಆಗ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು. ಅದು ಬೇರೆಯಾಗುವ ಹೊತ್ತಿನಲ್ಲಿ ಉಕ್ಕಿದ ಲಾವಾ ಇದು. ಅಂದರೆ ನಿಮ್ಮ ಮಗ ನಿಲ್ಲುವ ಜಾಗ ಎರಡು ಭೂಭಾಗ ಬೇರೆಯಾದ ಗುರುತು. ದಕ್ಖನ್ನಿನ ಬಸಾಲ್ಟ್ ಇದಕ್ಕಿಂತ ಎರಡು ಕೋಟಿ ವರ್ಷಕ್ಕೂ ಹೆಚ್ಚು ಚಿಕ್ಕದು. ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಣೆ ಆಗಿದೆ, ಕಲ್ಲು ಕಪ್ಪೆಚಿಪ್ಪು ಎತ್ತಿಕೊಂಡು ಬರಬೇಡಿ ಅಂತ ಅವನಿಗೆ ಮೊದಲೇ ಹೇಳಿಬಿಡಿ.

ಎರಡು_ಮಕ್ಕಳ_ತಾಯಿ
ಅತ್ತೆಯವರ ವಿಷಯ ನಾನು ಹೇಳುತ್ತೇನೆ. ದೋಣಿ ಹತ್ತಿ ಇಳಿಯೋದು ಸ್ವಲ್ಪ ಕಷ್ಟ, ಅಲೆಗೆ ದೋಣಿ ಅಲ್ಲಾಡುತ್ತಿರುತ್ತದೆ. ಇಳಿದ ಮೇಲೆ ಮರಳು, ಕಲ್ಲು. ಮಂಡಿ ನೋವಿದ್ದವರಿಗೆ ಬೇಡ ಅನ್ನಿಸುತ್ತದೆ. ನಿಮ್ಮಲ್ಲಿ ಒಬ್ಬರು ಅತ್ತೆ ಜೊತೆ ಉಡುಪಿಯಲ್ಲಿ ಕೃಷ್ಣನ ದರ್ಶನ ಮಾಡಿಸಿ, ಇನ್ನೊಬ್ಬರು ಮಕ್ಕಳ ಜೊತೆ ದ್ವೀಪಕ್ಕೆ ಹೋಗಿ. ಮಳೆಗಾಲದಲ್ಲಿ ದೋಣಿ ಇರಲ್ಲ, ಡಿಸೆಂಬರ್‌ನಲ್ಲಿ ಇರುತ್ತದೆ. ಆದರೆ ಡಿಸೆಂಬರ್ ಕೊನೆ ವಾರ ದಯವಿಟ್ಟು ಬೇಡ. ಶಾಲೆ ಪ್ರವಾಸದ ಬಸ್ಸುಗಳು, ಹೊಸ ವರ್ಷದ ಜನ, ಮಲ್ಪೆಯಲ್ಲಿ ಕಾರು ನಿಲ್ಲಿಸೋಕೆ ಜಾಗ ಸಿಗಲ್ಲ.

ನಿವೃತ್ತ_ಮೇಷ್ಟ್ರು
ಉಡುಪಿಯಿಂದ ಮೇಲೆ ಬ್ರಹ್ಮಾವರದಲ್ಲಿ ತಿರುಗಿ ಬಾರ್ಕೂರಿಗೆ ಹೋಗಿ. ಆಳುಪರ ರಾಜಧಾನಿಯಾಗಿದ್ದ ಊರು. ಈಗ ಶಾಂತವಾದ ಹಳ್ಳಿ. ಕತ್ತಲೆ ಬಸದಿ ನೋಡಿ, ಕಲ್ಲಿನ ಮಾಡು, ಕಲ್ಲಿನ ಕಂಬ. ಜಾಸ್ತಿ ಹತ್ತೋದು ಇಳಿಯೋದು ಇಲ್ಲ. ಯಾರೂ ಇರಲ್ಲ. ಅಲ್ಲೇ ಮುಂದೆ ಹೋದರೆ ಕೋಟ, ಶಿವರಾಮ ಕಾರಂತರ ಊರು, ಅವರ ಹೆಸರಿನ ಥೀಮ್ ಪಾರ್ಕ್ ಇದೆ.

ಕುಡ್ಲದವ
ಮುರ್ಡೇಶ್ವರ ಬಿಡಬಹುದು ಅಂತ ನನ್ನ ಅಭಿಪ್ರಾಯ. ವಿಪರೀತ ಜನ.

ಬೆಂಗ್ಳೂರ್_ಬುಲೆಟ್
ಬಿಡಬಾರದು! 123 ಅಡಿ ಶಿವನ ಮೂರ್ತಿ, 20 ಅಂತಸ್ತಿನ ಗೋಪುರ, ಮೂರು ಕಡೆ ಸಮುದ್ರ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಗೋಪುರದೊಳಗೆ ಲಿಫ್ಟ್ ಇದೆ, ಅತ್ತೆಯವರೂ ಮೇಲೆ ಹೋಗಿ ನೋಡಬಹುದು. ಇಡೀ ದಾರಿಯಲ್ಲಿ ಮೆಟ್ಟಿಲಿಲ್ಲದೆ ಅಷ್ಟು ಎತ್ತರದಿಂದ ಕಡಲು ನೋಡೋ ಜಾಗ ಇನ್ನೊಂದು ಎಲ್ಲಿದೆ ಹೇಳಿ ನೋಡೋಣ?

ಕುಡ್ಲದವ
ಲಿಫ್ಟ್ ಮಾತು ಒಪ್ಪಿದೆ. ಅತ್ತೆಯವರಿಗಾಗಿ ಹೋಗಲಿ.

ಹಿನ್ನೀರು
ಹೋಗುವವರು ಬೆಳಿಗ್ಗೆ ಬೇಗ ಹೋಗಿ. ನೀರಿಗೆ ಇಳಿಯುವಾಗ ಮಾತ್ರ ಎಚ್ಚರ. 2024ರ ಡಿಸೆಂಬರ್‌ನಲ್ಲಿ ಪ್ರವಾಸಕ್ಕೆ ಬಂದಿದ್ದ ಶಾಲಾ ಹುಡುಗಿಯರು ಅಲ್ಲೇ ನೀರುಪಾಲಾದರು, ಆ ಸುದ್ದಿ ಓದಿದಾಗ ಮೈ ನಡುಗಿತು. ಕೆಂಪು ಬಾವುಟ ಇದ್ದರೆ ಪಾದ ಕೂಡ ಒದ್ದೆ ಮಾಡಬೇಡಿ. ಸೆಳೆತಕ್ಕೆ ಸಿಕ್ಕವರು ನೇರ ದಡದ ಕಡೆ ಈಜೋಕೆ ಹೋಗಿ ಸುಸ್ತಾಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿದರೆ ಆ ಸೆಳೆತದಿಂದ ಹೊರಗೆ ಬರಬಹುದು, ಏಕೆಂದರೆ ಅದು ಅಗಲ ಕಡಿಮೆ ಇರುವ ಪಟ್ಟಿ. ದೊಡ್ಡ ಅಲೆ ಏಳುವ ಕಡೆಗಿಂತ, ಅಲೆಗಳ ನಡುವೆ ಒಂದು ಕಡೆ ಮಾತ್ರ ನೀರು ಸಮ ಇದ್ದ ಹಾಗೆ ಕಂಡರೆ ಅಲ್ಲೇ ಜಾಸ್ತಿ ಅಪಾಯ. ಜನ ಅದೇ ಜಾಗ ಸುರಕ್ಷಿತ ಅಂದುಕೊಂಡು ಇಳಿಯುತ್ತಾರೆ.

ಬಂಗುಡೆ_ಪ್ರಿಯ
ಊಟದ ವಿಷಯಕ್ಕೆ ಬರೋಣ. ಮಂಗಳೂರು ಕಡೆ ನೀರುದೋಸೆ, ಕೋರಿ ರೊಟ್ಟಿ, ಗೋಳಿಬಜೆ. ಕುಂದಾಪುರದಲ್ಲಿ ಕೋಳಿ ತುಪ್ಪದ ರೋಸ್ಟ್, ಅದು ಹುಟ್ಟಿದ ಊರೇ ಅದು. ಭಟ್ಕಳ ದಾಟಿ ಮೇಲೆ ಹೋದ ಹಾಗೆ ಮಸಾಲೆಯೇ ಬದಲಾಗುತ್ತದೆ. ಹೊನ್ನಾವರ, ಕುಮಟಾದಲ್ಲಿ ಸಣ್ಣ ಖಾನಾವಳಿ ಹುಡುಕಿ, ಬಳಚು ಇದೆಯಾ ಕೇಳಿ.

ಕಲ್ಪತರು_ನಾಡು
ಬಳಚು ಅಂದರೇನು ಅಣ್ಣಾ? ನಾವು ಮೀನು ತಿನ್ನುತ್ತೇವೆ, ಆದರೆ ಅತ್ತೆ ಪೂರ್ತಿ ಸಸ್ಯಾಹಾರಿ.

ಬಂಗುಡೆ_ಪ್ರಿಯ
ಚಿಪ್ಪಿನೊಳಗಿನ ಮೀನು ಅಕ್ಕಾ. ನಮ್ಮ ಕಡೆ ಮರುವಾಯಿ ಅನ್ನುತ್ತೇವೆ. ತೆಂಗಿನಕಾಯಿ ಹಾಕಿ ಸುಕ್ಕ ಮಾಡುತ್ತಾರೆ. ಅತ್ತೆಯವರಿಗೆ ಯೋಚನೆ ಬೇಡ, ಉಡುಪಿ ದಾರಿಯಲ್ಲಿ ಸಸ್ಯಾಹಾರಕ್ಕೆ ಬರವೇ?

ಘಟ್ಟದ_ಮೇಲೆ
ಎಲ್ಲರೂ ಕಡಲ ಕಡೆಗೇ ನೋಡುತ್ತಿದ್ದೀರಿ, ಸ್ವಲ್ಪ ಬಲಕ್ಕೂ ನೋಡಿ. ಈ ಕರಾವಳಿಯ ವಿಶೇಷವೇ ಘಟ್ಟ ಇಷ್ಟು ಹತ್ತಿರ ಇರೋದು. ಕುಮಟಾದಿಂದ ಸುಮಾರು 30 ಕಿ.ಮೀ. ಒಳಗೆ ಯಾಣ. ಕಾಡಿನ ನಡುವೆ ಕಪ್ಪು ಸುಣ್ಣದ ಕಲ್ಲಿನ ಶಿಖರಗಳು, ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಹೊನ್ನಾವರದಿಂದ ಜೋಗ ಸುಮಾರು 60 ಕಿ.ಮೀ. ಬೈಂದೂರಿಂದ ಕೊಲ್ಲೂರು ಹತ್ತಿರ. ಐದು ದಿನದಲ್ಲಿ ಇದೆಲ್ಲಾ ಸೇರಿಸಬಹುದು.

ಅಳಿವೆಬಾಗಿಲು
ಸೇರಿಸಬಹುದು, ಆದರೆ ಅದು ಘಟ್ಟ ಪ್ರವಾಸ ಆಗುತ್ತದೆ. ಜೋಗದ ಅಂದ ಮಳೆಗಾಲದಲ್ಲಿ, ಡಿಸೆಂಬರ್‌ನಲ್ಲಿ ನೀರು ತೆಳುವಾಗಿರುತ್ತದೆ. ಹೋಗಿ ಬರೋಕೆ ಅರ್ಧ ದಿನಕ್ಕೂ ಜಾಸ್ತಿ. ಯಾಣದಲ್ಲಿ ಕಾರಿಳಿದು ನಡೆಯಬೇಕು, ಆಮೇಲೆ ಮೆಟ್ಟಿಲು. ಅವರ ಅತ್ತೆಗೆ ಆಗಲ್ಲ.

ಘಟ್ಟದ_ಮೇಲೆ
ಮಕ್ಕಳಿಗೆ ಯಾಣ ತೋರಿಸದೆ ಕುಮಟಾ ದಾಟಿಸೋದು ನನಗೆ ಒಪ್ಪಿಗೆ ಇಲ್ಲ. ಆ ಬಂಡೆ ಕೆಳಗೆ ನಿಂತು ಕತ್ತೆತ್ತಿದ ಮಗು ಅದನ್ನು ಮರೆಯಲ್ಲ. ಬೀಚ್ ಬಿಟ್ಟು ಬೇರೆ ಹೇಳಿ ಅಂತ ಅವರೇ ಕೇಳಿದ್ದಲ್ವಾ?

ಕಾಳಿತೀರ
ಜಗಳ ಬೇಡ. ಕುಮಟಾ ಹತ್ತಿರ ಮಿರ್ಜಾನ್ ಕೋಟೆ ಇದೆ, ಹೆದ್ದಾರಿಯಿಂದ ಕೂಗಳತೆ ದೂರ. ಜಂಬಿಟ್ಟಿಗೆ ಕಲ್ಲಿನ ಕೋಟೆ. ಗೇರುಸೊಪ್ಪೆಯ ಚೆನ್ನಭೈರಾದೇವಿ ಜೊತೆ ಅದರ ಹೆಸರು ಸೇರಿಕೊಂಡಿದೆ, ಕರಿಮೆಣಸಿನ ರಾಣಿ ಅಂತ ಪೋರ್ಚುಗೀಸರೇ ಕರೆದ ಹೆಂಗಸು. ಘಟ್ಟದ ಮೆಣಸು ಅಘನಾಶಿನಿಯಲ್ಲಿ ಇಳಿದು ಇಲ್ಲಿಂದ ಕಡಲು ದಾಟುತ್ತಿತ್ತು. ಘಟ್ಟ, ಹೊಳೆ, ಕಡಲು ಮೂರೂ ಒಂದೇ ಕಡೆ ಅರ್ಥವಾಗೋ ಜಾಗ ಇದು, ನಿಮ್ಮಿಬ್ಬರಿಗೂ ಸರಿ ಹೋಗುತ್ತದೆ.

ಹಿನ್ನೀರು
ಅಘನಾಶಿನಿ ಅಂದಿದ್ದಕ್ಕೆ ಒಂದು ಮಾತು. ಇಷ್ಟು ದೂರದ ದಾರಿಯಲ್ಲಿ ಒಂದೇ ಒಂದು ಜಾಗ ಆರಿಸಿ ಅಂದರೆ ನಾನು ಈ ಅಳಿವೆಯನ್ನೇ ಆರಿಸುತ್ತೇನೆ. ಈ ನದಿಗೆ ದೊಡ್ಡ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಬಂದ ಮಣ್ಣು, ಸಿಹಿನೀರು ಎಲ್ಲಾ ತಡೆಯಿಲ್ಲದೆ ಕೆಳಗೆ ಬರುತ್ತದೆ, ಹಾಗಾಗಿ ಅಳಿವೆ ತುಂಬಾ ಜೀವ. ಇಳಿತ ಆದಾಗ ತದಡಿ ಸುತ್ತ ಕೆಸರು ದಿಬ್ಬ ಮೇಲೆ ಬರುತ್ತದೆ, ಹೆಂಗಸರು ಗಂಡಸರು ಇಳಿದು ಚಿಪ್ಪು ಆರಿಸುತ್ತಾರೆ. ನಮ್ಮ ಬಂಗುಡೆಯಣ್ಣ ಹೇಳಿದ ಬಳಚು ಬರೋದು ಇಂಥ ಕಡೆಯಿಂದಲೇ. ಅಳಿವೆ ಬದಿಯ ತಗ್ಗಿನ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ, ಉಪ್ಪುನೀರು ನುಗ್ಗಿದರೂ ತಾಳಿಕೊಳ್ಳೋ ತಳಿ. 2024ರಲ್ಲಿ ಈ ಅಳಿವೆ ಮಹತ್ವದ ಜೌಗು ಪ್ರದೇಶಗಳ ಅಂತಾರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ ಸೇರಿತು. ಹತ್ತಿರದಲ್ಲೇ ಸಾಣಿಕಟ್ಟೆಯ ಉಪ್ಪಿನ ಆಗರ. ಬೇಸಿಗೆ ಹತ್ತಿರ ಬಂದ ಹಾಗೆ ಅಲ್ಲಿ ಬಿಳಿ ರಾಶಿಗಳು ಏಳುತ್ತವೆ.

ಹೋಗುವ ಮೊದಲು ಉಬ್ಬರ ಇಳಿತದ ಹೊತ್ತು ನೋಡಿಕೊಳ್ಳಿ, ಫೋನಿನಲ್ಲೇ ಸಿಗುತ್ತದೆ. ಉಬ್ಬರದಲ್ಲಿ ಹೋದರೆ ಬರೀ ನೀರು. ಇಳಿತದಲ್ಲಿ ಹೋದರೆ ಇನ್ನೊಂದು ಲೋಕ.

ಬಡಗುತಿಟ್ಟು
ಇಲ್ಲಿಯವರೆಗೆ ಯಕ್ಷಗಾನದ ಹೆಸರೇ ಬಂದಿಲ್ಲ, ಆಶ್ಚರ್ಯ! ಡಿಸೆಂಬರ್ ಅಂದರೆ ಮೇಳಗಳ ತಿರುಗಾಟ ಶುರುವಾಗಿರುತ್ತದೆ. ಉಡುಪಿ, ಕುಂದಾಪುರ ಸುತ್ತ ಬಹಳ ದಿನ ಯಾವುದೋ ಒಂದು ಊರಲ್ಲಿ ಹರಕೆ ಆಟ, ಅಂದರೆ ಹರಕೆ ಹೊತ್ತವರು ಆಡಿಸುವ ಯಕ್ಷಗಾನ, ಇದ್ದೇ ಇರುತ್ತದೆ. ಟಿಕೆಟ್ ಇಲ್ಲ, ಯಾರು ಬೇಕಾದರೂ ಕೂರಬಹುದು. ಇಡೀ ರಾತ್ರಿ ಕೂರೋಕೆ ಆಗದಿದ್ದರೆ ಮೊದಲ ಎರಡು ಗಂಟೆ ನೋಡಿ ಏಳಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಉಳಿದುಕೊಂಡ ಕಡೆ ‘ಇವತ್ತು ಹತ್ತಿರ ಎಲ್ಲಿ ಆಟ?’ ಅಂತ ಕೇಳಿದರೆ ಸಾಕು. ಹೊನ್ನಾವರಕ್ಕೆ ಸ್ವಲ್ಪ ಮೊದಲು ಗುಣವಂತೆ ಸಿಗುತ್ತದೆ, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದ ನೆಲೆ. ಇಡಗುಂಜಿ ಗಣಪತಿಯ ದೇವಸ್ಥಾನವೂ ಅಲ್ಲೇ ಹತ್ತಿರ.

ಸ್ಟಿಯರಿಂಗ್_ಸೀನ
ರಾತ್ರಿ ಆಟ ನೋಡಿ ಬೆಳಿಗ್ಗೆ ಗಾಡಿ ಓಡಿಸಬೇಡಿ. ನಿದ್ದೆ ಕೆಟ್ಟ ಡ್ರೈವರ್ ಕಾರಲ್ಲಿರೋ ಎಲ್ಲರಿಗೂ ಅಪಾಯ.

ಬಡಗುತಿಟ್ಟು
ಅದು ಸರಿ. ಮರುದಿನ ಅದೇ ಊರಲ್ಲಿ ಉಳಿಯಿರಿ ಅಂತ ಸೇರಿಸಿಕೊಳ್ಳಿ.

ನಿವೃತ್ತ_ಮೇಷ್ಟ್ರು
ಭಟ್ಕಳವನ್ನು ಎಲ್ಲರೂ ದಾಟಿಕೊಂಡೇ ಹೋದಿರಿ. ಮೂಡಭಟ್ಕಳದಲ್ಲಿ ಕೇತಪೈ ನಾರಾಯಣ ದೇವಸ್ಥಾನ ಇದೆ, 16ನೇ ಶತಮಾನದ್ದು. ಗೋಡೆ ಮೇಲೆ ರಾಮಾಯಣದ ಕಥೆ ಕಲ್ಲಲ್ಲಿ ಕೆತ್ತಿದ್ದಾರೆ. ನಮ್ಮ ಮಳೆಗೆ ತಕ್ಕ ಹಾಗೆ ಇಳಿಜಾರು ಮಾಡು, ಅದೂ ಕಲ್ಲು ಹಾಸಿ ಮಾಡಿದ್ದು. ಬೇಲೂರು ಹಳೇಬೀಡು ನೋಡಿದ ಕಣ್ಣಿಗೆ ಇದು ಪೂರಾ ಬೇರೆ.

ಬೆಂಗ್ಳೂರ್_ಬುಲೆಟ್
ಶಿರೂರು ಗುಡ್ಡ ಕುಸಿದ ಜಾಗ ಬೈಂದೂರು ಹತ್ತಿರ ಅಲ್ವಾ? ಅಲ್ಲಿ ರಸ್ತೆ ಈಗ ಸರಿ ಇದೆಯಾ?

ಕಾಳಿತೀರ
ಅದು ಬೇರೆ ಶಿರೂರು. ಬೈಂದೂರು ಹತ್ತಿರದ್ದು ಉಡುಪಿ ಜಿಲ್ಲೆಯದು. 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಗಂಗಾವಳಿ ದಡದಲ್ಲಿ. ನಮಗೆಲ್ಲಾ ಇನ್ನೂ ಮನಸ್ಸಿನಲ್ಲಿರುವ ನೋವು ಅದು. ಅದರ ಮುಂದಿನ ತಿಂಗಳೇ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಮಳೆ ಜೋರಿರುವ ಜೂನ್, ಜುಲೈ, ಆಗಸ್ಟ್‌ನಲ್ಲಿ ಈ ದಾರಿಯಲ್ಲಿ ಸುಮ್ನೆ ತಿರುಗಾಟಕ್ಕೆ ಬರೋದು ನನಗೆ ಇಷ್ಟವಿಲ್ಲ. ಡಿಸೆಂಬರ್‌ಗೆ ಆ ಭಯ ಇಲ್ಲ.

ಕಾರವಾರದ ಬಗ್ಗೆ ಹೇಳಲೇಬೇಕು, ಏಕೆಂದರೆ ಎಲ್ಲರೂ ಗೋಕರ್ಣದಲ್ಲೇ ನಿಂತುಬಿಡುತ್ತಾರೆ. ಯುವಕನಾಗಿದ್ದಾಗ ರವೀಂದ್ರನಾಥ ಟಾಗೋರರು ಇಲ್ಲಿ ಬಂದು ಉಳಿದಿದ್ದರು, ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ಬೀಚಿಗೆ ಟಾಗೋರರ ಹೆಸರೇ ಇದೆ. ಅಲ್ಲೇ ಐಎನ್‌ಎಸ್ ಚಪಲ್ ಯುದ್ಧನೌಕೆಯ ಮ್ಯೂಸಿಯಂ, ಪಕ್ಕದಲ್ಲಿ ನೌಕಾಪಡೆಯ ಟುಪೊಲೆವ್ 142 ವಿಮಾನ. ಕಾಳಿ ದಾಟಿ ಸದಾಶಿವಗಡದ ಗುಡ್ಡದ ಮೇಲೆ ನಿಂತರೆ ನದಿ, ಸೇತುವೆ, ಸಮುದ್ರ, ದ್ವೀಪಗಳು ಎಲ್ಲಾ ಕಾಣುತ್ತವೆ. ಮಾಜಾಳಿಯ ತಿಳಮಾತಿಯಲ್ಲಿ ಮರಳು ಕಪ್ಪು, ಎಳ್ಳಿನ ಹಾಗೆ. ಅದಕ್ಕೆ ಸ್ವಲ್ಪ ನಡೆಯಬೇಕು.

ಬೆಂಗ್ಳೂರ್_ಬುಲೆಟ್
ಚಪಲ್ ಅಂದರೆ 1971ರಲ್ಲಿ ಕರಾಚಿ ಮೇಲೆ ದಾಳಿ ಮಾಡಿದ ನೌಕೆ. ಮಕ್ಕಳಿಗೆ ಆ ಕಥೆ ಹೇಳಿ.

ಕಲ್ಲುಬಂಡೆ
ಅಲ್ಲ. ಹಾಗೆ ಸುಮಾರು ಕಡೆ ಬರೆದಿದ್ದಾರೆ. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಕರಾಚಿ ಮೇಲೆ ಹೋದವು ನಿಪಾತ್, ನಿರ್ಘಾತ್, ವೀರ್, ಅದೇ ಬಗೆಯ ಹಳೆಯ ಕ್ಷಿಪಣಿ ದೋಣಿಗಳು. ಮಕ್ಕಳಿಗೆ ಕಥೆ ಹೇಳಿ, ಹೆಸರು ಸರಿಯಾಗಿ ಹೇಳಿ.

ಬೆಂಗ್ಳೂರ್_ಬುಲೆಟ್
ಓ, ಇದು ಗೊತ್ತಿರಲಿಲ್ಲ. ಥ್ಯಾಂಕ್ಸ್ ಸರ್.

ಎರಡು_ಮಕ್ಕಳ_ತಾಯಿ
ಹೊನ್ನಾವರದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಹಲಗೆ ದಾರಿ ಮಾಡಿದ್ದಾರೆ, ಶರಾವತಿ ಹಿನ್ನೆಲೆಯಲ್ಲಿ. ಸಮತಟ್ಟಾದ ದಾರಿ, ಅತ್ತೆಯವರು ಆರಾಮವಾಗಿ ನಡೆಯಬಹುದು. ದೋಣಿಯಲ್ಲೂ ಸುತ್ತಿಸುತ್ತಾರೆ. ಅಲ್ಲಿಂದ ಕೊಂಕಣ ರೈಲ್ವೆಯ ಶರಾವತಿ ಸೇತುವೆ ಹುಡುಕಿ, ಎರಡು ಕಿ.ಮೀ.ಗಿಂತ ಉದ್ದ, ಆ ಮಾರ್ಗದಲ್ಲೇ ಅತಿ ಉದ್ದದ್ದು. ನನ್ನ ಮಗ ರೈಲು ಬರೋವರೆಗೂ ಹೊರಡೋಕೆ ಬಿಡಲಿಲ್ಲ.

ಕಲ್ಪತರು_ನಾಡು
ಎಲ್ಲಾ ಕೂತು ಓದಿ ಒಂದು ಲೆಕ್ಕ ಹಾಕಿದ್ದೇವೆ, ತಪ್ಪಿದ್ದರೆ ಹೇಳಿ. ಡಿಸೆಂಬರ್ ಎರಡನೇ ವಾರಕ್ಕೆ ಬದಲಾಯಿಸಿದೆವು. ಮೊದಲ ದಿನ ಮಂಗಳೂರು, ಚಾಪೆಲ್, ಕದ್ರಿ, ಸಂಜೆ ಫಲ್ಗುಣಿ ದೋಣಿ. ಎರಡನೇ ದಿನ ಕಾಪು, ಮಟ್ಟು ದಾರಿ, ಉಡುಪಿ. ಮೂರನೇ ದಿನ ಯಜಮಾನರು ಮಕ್ಕಳ ಜೊತೆ ದ್ವೀಪಕ್ಕೆ, ನಾನು ಅತ್ತೆ ಕೃಷ್ಣಮಠಕ್ಕೆ, ಮಧ್ಯಾಹ್ನ ಬಾರ್ಕೂರು, ಕೋಡಿ ಬೆಂಗ್ರೆ, ರಾತ್ರಿ ಕುಂದಾಪುರ. ನಾಲ್ಕನೇ ದಿನ ಗಂಗೊಳ್ಳಿ, ಮುರ್ಡೇಶ್ವರದ ಲಿಫ್ಟ್, ಹೊನ್ನಾವರ. ಐದನೇ ದಿನ ಮಿರ್ಜಾನ್, ಅಘನಾಶಿನಿ, ಗೋಕರ್ಣ, ಕಾರವಾರ.

ಅಳಿವೆಬಾಗಿಲು
ನಾಲ್ಕು ದಿನ ಚೆನ್ನಾಗಿದೆ. ಐದನೇ ದಿನ ಜಾಸ್ತಿ ತುಂಬಿದ್ದೀರಿ. ಮಿರ್ಜಾನ್, ಅಳಿವೆ, ಗೋಕರ್ಣ, ಕಾರವಾರ ಒಂದೇ ದಿನಕ್ಕೆ ಅಂದರೆ ಎಲ್ಲಾ ಕಡೆ ಕಾರಿನ ಬಾಗಿಲು ತೆಗೆದು ಹಾಕೋದೇ ಕೆಲಸ ಆಗುತ್ತದೆ. ಒಂದೋ ಇನ್ನೊಂದು ದಿನ ಸೇರಿಸಿ, ಇಲ್ಲವೇ ಕಾರವಾರ ಬಿಡಿ.

ಕಾಳಿತೀರ
ಕಾರವಾರ ಬಿಡಿ ಅಂತ ಇಷ್ಟು ಸುಲಭವಾಗಿ ಹೇಳಬೇಡಿ ಮಾರಾಯ್ರೆ! ಗೋಕರ್ಣ ಬಿಡಲಿ.

ಕಲ್ಪತರು_ನಾಡು
ಅತ್ತೆಗೆ ಆತ್ಮಲಿಂಗದ ದರ್ಶನ ಆಗಲೇಬೇಕು, ಗೋಕರ್ಣ ಬಿಡೋಕಾಗಲ್ಲ. ಯಜಮಾನರಿಗೆ ಇನ್ನೊಂದು ದಿನ ರಜೆ ಕೇಳೋಕೆ ಹೇಳಿದ್ದೇನೆ.

ನಿವೃತ್ತ_ಮೇಷ್ಟ್ರು
ಗೋಕರ್ಣದಲ್ಲಿ ಮಧ್ಯಾಹ್ನ ಗುಡಿ ಬಾಗಿಲು ಹಾಕಿರುತ್ತದೆ, ಬೆಳಿಗ್ಗೆಯೇ ಹೋಗಿ. ಗಂಡಸರು ಪಂಚೆ ಇಟ್ಟುಕೊಳ್ಳಿ, ಒಳಗೆ ಅಂಗಿ ತೆಗೆಯಬೇಕು. ಕಾರು ದೂರ ನಿಲ್ಲಿಸಿ ರಥಬೀದಿಯಲ್ಲಿ ನಡೆಯಬೇಕಾಗಬಹುದು, ಅತ್ತೆಯವರಿಗೆ ಆಟೊ ಮಾಡಿ.

ಹಿನ್ನೀರು
ಆ ದಿನ ಇಳಿತ ಎಷ್ಟು ಹೊತ್ತಿಗೆ ಅಂತ ಮೊದಲು ನೋಡಿಕೊಂಡು, ಆಮೇಲೆ ಗುಡಿ ಮೊದಲಾ ಅಳಿವೆ ಮೊದಲಾ ಅಂತ ತೀರ್ಮಾನ ಮಾಡಿ. ತಾರೀಖು ಗೊತ್ತಾದ ಮೇಲೆ ಇಲ್ಲಿ ಹಾಕಿ, ನಾನು ನೋಡಿ ಹೇಳುತ್ತೇನೆ.

ಘಟ್ಟದ_ಮೇಲೆ
ಆರನೇ ದಿನ ಸಿಕ್ಕರೆ ಯಾಣ. ನಾನು ಬಿಡಲ್ಲ.